ಮೊದಲು ನಮ್ಮ ಪೇಟೆಯಲ್ಲಿ ಕೇಳೋಣ

ಹೊರದೇಶದ ಆನ್‌ಲೈನ್ ಖರೀದಿಯ ಬಗ್ಗೆ ಎಸ್.ಎಸ್. ಬಡಾವಣೆಯ ಮನೆಮನೆಗೆ, ದಾವಣಗೆರೆ–ಹರಿಹರದ ಎಲ್ಲ ಗ್ರಾಹಕರಿಗೆ ಒಂದು ಮನವಿ



ನಮ್ಮ ಬಡಾವಣೆಯ ಮನೆ, ಹಾಸ್ಟೆಲ್, ಕ್ಲಿನಿಕ್‌ಗಳಿಗೆ ಹೊರದೇಶದಿಂದ ಪಾರ್ಸೆಲ್ ಬರುವುದು ಈಗ ಹೊಸದೇನಲ್ಲ. ಬಟ್ಟೆ, ವಾಚು, ಇಯರ್‌ಫೋನ್, ಮಕ್ಕಳ ಆಟಿಕೆ, ಮುಖಕ್ಕೆ ಹಚ್ಚುವ ಕ್ರೀಮು, ಎಲ್ಲವೂ ಮೊಬೈಲಿನಲ್ಲೇ ಸಿಗುತ್ತವೆ. ಬೆಲೆಯೂ ಅಗ್ಗವಾಗಿ ಕಾಣುತ್ತದೆ. ಆದರೂ ನಾವು ಕೇಳಿಕೊಳ್ಳುವುದು ಇಷ್ಟೇ: ಊರಿನಲ್ಲಿ ಸಿಗುವುದನ್ನು ಊರಿನಲ್ಲೇ ಕೊಳ್ಳೋಣ, ಇಲ್ಲಿ ಸಿಗದೇ ಇದ್ದುದನ್ನು ಮಾತ್ರ ಹೊರಗಿನಿಂದ ತರಿಸೋಣ. ದುಡ್ಡು ತೆಗೆದುಕೊಂಡವರು ಏನಾದರೂ ಹೆಚ್ಚುಕಡಿಮೆಯಾದಾಗ ನಮ್ಮ ಕೈಗೆ ಸಿಗಬೇಕು.

ಮೊಬೈಲಿನಲ್ಲಿ ಕಾಣುವುದು ಪೂರ್ತಿ ಬೆಲೆಯಲ್ಲ

ಹೊರದೇಶದ ಪಾರ್ಸೆಲ್ ನಮ್ಮ ದೇಶದ ಕಸ್ಟಮ್ಸ್ ದಾಟಿ ಬರಬೇಕು. ವಸ್ತುವಿನ ಬೆಲೆಗೆ ಸಾಗಣೆ ಮತ್ತು ವಿಮೆಯ ಖರ್ಚು ಸೇರಿಸಿ, ಆ ಮೊತ್ತದ ಮೇಲೆ ಸುಂಕ ಹಾಕುತ್ತಾರೆ. ಸುಂಕವೂ ಸೇರಿದ ಮೊತ್ತದ ಮೇಲೆ ಜಿ.ಎಸ್.ಟಿ. ಬೀಳುತ್ತದೆ. ಡಾಲರಿನಲ್ಲಿ ಪಾವತಿಸಿದರೆ ಬ್ಯಾಂಕು ಬೇರೆ ಶುಲ್ಕ ಮುರಿದುಕೊಳ್ಳಬಹುದು. ಕೆಲವು ತಾಣಗಳು ಇದನ್ನೆಲ್ಲ ಮೊದಲೇ ಸೇರಿಸಿ ತೋರಿಸುತ್ತವೆ. ತೋರಿಸದಿದ್ದರೆ ಪಾರ್ಸೆಲ್ ಬಾಗಿಲಿಗೆ ಬಂದಾಗ ಹಣ ಎಣಿಸಬೇಕಾಗುತ್ತದೆ.

ಉಡುಗೊರೆ ಎಂದು ಬರುವ ₹5,000ದೊಳಗಿನ ಪಾರ್ಸೆಲ್‌ಗೆ ಹಿಂದೆ ಸುಂಕ ಇರಲಿಲ್ಲ. ಹೊರದೇಶದ ಎಷ್ಟೋ ಮಾರಾಟಗಾರರು ಮಾರಿದ ಸರಕಿಗೂ ‘ಗಿಫ್ಟ್’ ಚೀಟಿ ಅಂಟಿಸಿ ಕಳಿಸತೊಡಗಿದರು. ಡಿಸೆಂಬರ್ 2019ರಲ್ಲಿ ಕೇಂದ್ರ ಸರ್ಕಾರ ಆ ದಾರಿ ಮುಚ್ಚಿ, ರಾಖಿ ಮತ್ತು ಜೀವರಕ್ಷಕ ಔಷಧಿಗೆ ಮಾತ್ರ ವಿನಾಯಿತಿ ಉಳಿಸಿತು. ಇಂದೂ ಯಾರಾದರೂ ‘ಗಿಫ್ಟ್ ಎಂದು ಬರೆದು ಕಳಿಸುತ್ತೇವೆ’ ಎಂದರೆ ಒಪ್ಪಬೇಡಿ. ಆ ಸುಳ್ಳು ನಿಮ್ಮ ಹೆಸರು, ನಿಮ್ಮ ವಿಳಾಸದ ಮೇಲೇ ಬರುತ್ತದೆ. ಅಗ್ಗದ ಪಾರ್ಸೆಲ್‌ಗಳ ಹೊಳೆಯಿಂದ ದೊಡ್ಡ ದೇಶಗಳೂ ಎಚ್ಚೆತ್ತಿವೆ. 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಇದ್ದ ಸುಂಕ ವಿನಾಯಿತಿಯನ್ನು ಅಮೆರಿಕವೇ 29 ಆಗಸ್ಟ್ 2025ರಿಂದ ಎಲ್ಲ ದೇಶಗಳಿಗೂ ನಿಲ್ಲಿಸಿತು.

ಕೆಟ್ಟರೆ ಯಾರನ್ನು ಕೇಳುವುದು?

ಅಮೆರಿಕದ ಮಿಕ್ಸರ್ 120 ವೋಲ್ಟಿನದು, ನಮ್ಮ ಮನೆಯ ಕರೆಂಟು 230 ವೋಲ್ಟ್. ತಿಳಿಯದೆ ನೇರ ಪ್ಲಗ್ಗಿಗೆ ಹಾಕಿದರೆ ಮೋಟಾರು ಸುಟ್ಟಂತೆ. ಊರಿನ ಅಂಗಡಿಯವರಾದರೆ ಮಾರುವ ಮೊದಲೇ ಎಚ್ಚರಿಸುತ್ತಾರೆ. ಕೆಟ್ಟರೆ ಅದೇ ಅಂಗಡಿಗೆ ಹೊತ್ತೊಯ್ದು ಕೇಳಬಹುದು. ಹೊರದೇಶಕ್ಕೆ ವಾಪಸ್ ಕಳಿಸಬೇಕೆಂದರೆ ಸಾಗಣೆ ಖರ್ಚು ಎಷ್ಟೋ ಸಲ ನಮ್ಮದೇ. ಕಟ್ಟಿದ ಸುಂಕ ಮರಳಿ ಪಡೆಯಲು ಮತ್ತೆ ಅರ್ಜಿ, ಮತ್ತೆ ದಾಖಲೆ.

ಕಾನೂನು ನಮ್ಮ ಪರವಾಗಿಯೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ₹5 ಲಕ್ಷದವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ. 2020ರ ಇ–ಕಾಮರ್ಸ್ ನಿಯಮಗಳು ಭಾರತದ ಗ್ರಾಹಕರಿಗೆ ವ್ಯವಸ್ಥಿತವಾಗಿ ಮಾರುವ ಹೊರದೇಶದ ಕಂಪನಿಗಳಿಗೂ ಅನ್ವಯಿಸುತ್ತವೆ. ಆದರೆ ಇಲ್ಲಿ ಕಚೇರಿಯಿಲ್ಲ, ಗೋದಾಮಿಲ್ಲ, ಆಸ್ತಿಯಿಲ್ಲ ಎಂಬ ಕಂಪನಿಯಿಂದ ಹಣ ವಸೂಲಿ ಮಾಡುವುದು ಹೇಗೆ? ಆದೇಶ ಕೈಯಲ್ಲಿದ್ದರೂ ದುಡ್ಡು ಬಾರದು.

2020ರ ಜೂನ್ ಕೊನೆಯಲ್ಲಿ ಶೀಇನ್, ಕ್ಲಬ್ ಫ್ಯಾಕ್ಟರಿ ಸೇರಿದಂತೆ ಚೀನಾದ 59 ಆ್ಯಪ್‌ಗಳನ್ನು ಸರ್ಕಾರ ನಿಷೇಧಿಸಿತು. ಅದೇ ವರ್ಷದ ನವೆಂಬರಿನಲ್ಲಿ ಅಲಿ ಎಕ್ಸ್‌ಪ್ರೆಸ್ ಕೂಡ ನಿಂತಿತು. ದೇಶದ ಭದ್ರತೆಯ ಕಾರಣಕ್ಕೆ ಕೈಗೊಂಡ ಕ್ರಮ ಅದು. ಆ ದಿನ ನಿಮ್ಮ ಹಣ ಕಟ್ಟಿಯಾಗಿ, ವಸ್ತು ದಾರಿಯಲ್ಲಿದ್ದಿದ್ದರೆ ಯಾರ ಬಾಗಿಲಿಗೆ ಹೋಗುತ್ತಿದ್ದಿರಿ?

‘ಅಂಗಡಿಯಲ್ಲೂ ಚೀನಾ ಮಾಲೇ ಇದೆಯಲ್ಲ?’

ಇದೆ, ನಿಜ. ಆದರೆ ಅಂಗಡಿಗೆ ಬರುವ ಆಮದು ಪೊಟ್ಟಣದ ಮೇಲೆ ಆಮದುದಾರರ ಹೆಸರು, ವಿಳಾಸ, ಎಂ.ಆರ್.ಪಿ., ದೂರು ಹೇಳಲು ದೂರವಾಣಿ ಸಂಖ್ಯೆ ಇರಲೇಬೇಕೆಂದು ತೂಕ ಮತ್ತು ಅಳತೆ ಕಾನೂನು ಹೇಳುತ್ತದೆ. 1 ಜನವರಿ 2021ರಿಂದ ಮಾರಾಟದ ಆಟಿಕೆಗೆ ಐ.ಎಸ್.ಐ. ಗುರುತು ಕಡ್ಡಾಯ. ಮಗು ಬಾಯಿಗಿಡುವ ಬಣ್ಣದ ಗೊಂಬೆಗೆ ಒಬ್ಬ ಜವಾಬುದಾರ ಇರಬೇಕೆಂಬುದೇ ಇದರ ಉದ್ದೇಶ. ನೇರ ತರಿಸಿಕೊಂಡ ಪಾರ್ಸೆಲ್‌ನಲ್ಲಿ ಆ ಜವಾಬುದಾರಿ ಸದ್ದಿಲ್ಲದೆ ನಮ್ಮ ತಲೆಯ ಮೇಲೆ ಬೀಳುತ್ತದೆ.

ಊರಿನ ದುಡ್ಡು, ಊರಿನ ಕೂಲಿ

ಮದುವೆ ಜವಳಿಗೆ ಸುತ್ತಲ ಜಿಲ್ಲೆಗಳ ಮಂದಿ ಇಂದಿಗೂ ದಾವಣಗೆರೆಗೇ ಬರುತ್ತಾರೆ. ಇಲ್ಲೊಂದು ಸೀರೆ ಮಾರಾಟವಾದರೆ ಗಲ್ಲಾಪೆಟ್ಟಿಗೆ ಮಾತ್ರ ತುಂಬುವುದಿಲ್ಲ. ಫಾಲ್ಸ್ ಹಚ್ಚುವ, ಜಿಗ್‌ಜಾಗ್ ಮಾಡುವ, ಕುಚ್ಚು ಕಟ್ಟುವ ಹೆಣ್ಣುಮಕ್ಕಳಿಗೆ, ಬ್ಲೌಸ್ ಹೊಲಿಯುವ ದರ್ಜಿಗೆ, ಗಂಟು ಹೊರುವ ಹಮಾಲರಿಗೆ, ಆಟೊದವರಿಗೆ ಅಂದಿನ ಕೂಲಿ ಹುಟ್ಟುತ್ತದೆ. ಹೊರದೇಶದಿಂದ ಹೊಲಿದೇ ಬಂದ ಉಡುಪಿನಲ್ಲಿ ಇವರ್ಯಾರಿಗೂ ಪಾಲಿಲ್ಲ.

ಕೂಲಿ ನಿಂತರೆ ಏನಾಗುತ್ತದೆಂದು ನಮ್ಮ ಅವಳಿ ಊರುಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ್ದ ದಾವಣಗೆರೆಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಲೇತ್ ಯಂತ್ರಕ್ಕೆ ಹೆಸರಾಗಿದ್ದ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ನಿಂತಿತು. ಅವು ಮುಚ್ಚಿದ ಕಾರಣಗಳು ಬೇರೆ. ಆದರೆ ಬಟವಾಡೆ ನಿಂತ ಮನೆಯ ಕಷ್ಟ ಕಿರಾಣಿ ಅಂಗಡಿಯ ಉದ್ರಿ ಪುಸ್ತಕಕ್ಕೆ, ಅಲ್ಲಿಂದ ಇಡೀ ಪೇಟೆಗೆ ಹಬ್ಬುವುದನ್ನು ನಮ್ಮ ಹಿರಿಯರು ಕಣ್ಣಾರೆ ಕಂಡಿದ್ದಾರೆ. ಈಗ ಉಳಿದಿರುವ ದೊಡ್ಡ ಆಸರೆಗಳಲ್ಲಿ ಈ ಪೇಟೆಯ ವ್ಯಾಪಾರವೂ ಒಂದು. ಅದನ್ನು ನಮ್ಮ ಕೈಯಾರೆ ಸೊರಗಿಸುವುದು ಬೇಡ. ದುಗ್ಗಮ್ಮನ ಜಾತ್ರೆಗೆ, ಗಣಪತಿ ಹಬ್ಬಕ್ಕೆ ಪಟ್ಟಿ ಎತ್ತುವಾಗ ನಾವು ಮೊದಲು ಹತ್ತುವುದು ಈ ಅಂಗಡಿಗಳ ಮೆಟ್ಟಿಲನ್ನೇ.

ಅಂಗಡಿಯವರಿಗೂ ಒಂದು ಮಾತು

ಗ್ರಾಹಕರು ಮೊಬೈಲಿನತ್ತ ಹೊರಳಿದ್ದರಲ್ಲಿ ನಿಮ್ಮ ಪಾಲೂ ಇದೆ. ‘ಮಾರಿದ ಸರಕನ್ನು ವಾಪಸ್ ಪಡೆಯುವುದಿಲ್ಲ’ ಎಂಬ ಬೋರ್ಡು ತೆಗೆಯಿರಿ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ ವಾಪಸ್ ಪಡೆಯದಿರುವುದು 2019ರ ಕಾಯ್ದೆಯಡಿ ಅನುಚಿತ ವ್ಯಾಪಾರ. ಬಿಲ್ಲು ಕೊಡದಿರುವುದೂ ಅಷ್ಟೇ. ಇಲ್ಲದ ವಸ್ತು ಕೇಳಿದರೆ ‘ಇಲ್ಲ’ ಎಂದು ಕೈ ಆಡಿಸಬೇಡಿ. ಹೆಸರು ಬರೆದುಕೊಳ್ಳಿ, ತರಿಸಿಕೊಡಿ. ಫೋನಿನಲ್ಲೇ ಬೆಲೆ ಹೇಳಿ. ಊರಿನವರು ಎಂಬ ಒಂದೇ ಕಾರಣಕ್ಕೆ ನಿಮ್ಮಲ್ಲಿ ಕೊಳ್ಳಿ ಎಂದು ನಾವು ಯಾರಿಗೂ ಹೇಳಲಾರೆವು. ಉತ್ತರ ಕೊಡುವವರು ನೀವು ಎಂಬ ಕಾರಣಕ್ಕೆ ಹೇಳುತ್ತಿದ್ದೇವೆ. ಆ ಮಾತನ್ನು ಉಳಿಸಿ.

ನಾವು ಮಾಡಬೇಕಾದ್ದು

1. ಆರ್ಡರ್ ಹಾಕುವ ಮುಂಚೆ ಬಡಾವಣೆಯ ಅಂಗಡಿಯಲ್ಲಿ, ಚೌಕಿಪೇಟೆ, ಮಂಡಿಪೇಟೆ, ಹರಿಹರದ ಪೇಟೆಯಲ್ಲಿ ಒಮ್ಮೆ ಕೇಳಿ.

2. ಇಲ್ಲಿ ಸಿಗದ ಪುಸ್ತಕ, ಬಿಡಿಭಾಗ, ಉಪಕರಣ ಬೇಕಿದ್ದರೆ ಹೊರಗಿನಿಂದ ಧಾರಾಳವಾಗಿ ತರಿಸಿ. ಸುಂಕ, ತೆರಿಗೆ, ಸಾಗಣೆ ಕೂಡಿಸಿದ ಬೆಲೆಯನ್ನು ಮೊದಲು ನೋಡಿ.

3. ಕಾರ್ಡಿನ ಅಂತಾರಾಷ್ಟ್ರೀಯ ಬಳಕೆಯನ್ನು ಬೇಕಾದಾಗ ಮಾತ್ರ ತೆರೆಯಿರಿ, ಕೆಲಸವಾದ ಮೇಲೆ ಮುಚ್ಚಿರಿ. ಒ.ಟಿ.ಪಿ. ಕೇಳದೇ ಹಣ ಎಳೆಯುವ ಹೊರದೇಶದ ತಾಣಗಳಿವೆ.

4. ಎಲ್ಲಿ ಕೊಂಡರೂ ಬಿಲ್ಲು ಪಡೆಯಿರಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಈ ವಾರ ನಿಮ್ಮ ಮನೆಗೆ ಬೇಕಾದ ಒಂದು ವಸ್ತುವಿನಿಂದಲೇ ಶುರು ಮಾಡಿ. ಓದಿದ ಮೇಲೆ ಈ ಹಾಳೆಯನ್ನು ಪಕ್ಕದ ಮನೆಗೆ ಕೊಡಿ.

— ಎಸ್.ಎಸ್. ಬಡಾವಣೆಯ ಗ್ರಾಹಕರು, ದಾವಣಗೆರೆ