ಬಿಟ್ಟ ಸ್ಥಳದ ಇಂಗ್ಲಿಷು

ಕಳೆದ ಮಾಘಮಾಸದಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ವಾಚಕರ ಮುಂದಿಟ್ಟು, ಆಮೇಲೆ ಜಗಳಕ್ಕೆ ತೊಡಗುತ್ತೇನೆ. ನನ್ನ ತಂಗಿಯ ಮಗಳು ಪದವಿಪೂರ್ವ ತರಗತಿಯ ಮೊದಲನೆಯ ವರ್ಷದಲ್ಲಿ ವ್ಯಾಸಂಗ ಮಾಡುತ್ತಿರುವವಳು. ಹತ್ತನೆಯ ತರಗತಿಯಲ್ಲಿ ಇಂಗ್ಲಿಷಿಗೆ ನೂರಕ್ಕೆ ತೊಂಬತ್ತರ ಮೇಲೆ ಅಂಕಗಳನ್ನು ಪಡೆದವಳು. ಅವಳ ಅಜ್ಜಿಗೆ ಮಂಡಿನೋವು. ಮಾತ್ರೆಯ ಡಬ್ಬಿಯೊಳಗೆ ಮಡಿಸಿಟ್ಟಿದ್ದ ಕಾಗದವನ್ನು ಹುಡುಗಿ ಎಲ್ಲಿಯೂ ತಡವರಿಸದೆ, ಕೇಳಲು ಇಂಪಾಗಿಯೇ ಓದಿದಳು. ದಿನಕ್ಕೆ ಎರಡಕ್ಕಿಂತ ಹೆಚ್ಚು ತೆಗೆದುಕೊಳ್ಳಕೂಡದು ಎಂಬ ಮಾತಿನ ಹಿಂದೆ 'ಅನ್‌ಲೆಸ್' ಎಂದು ತೊಡಗಿ ವೈದ್ಯರ ಪ್ರಸ್ತಾಪವಿದ್ದ ಒಂದು ತುಂಡು ವಾಕ್ಯವಿದ್ದಿತು. "ಹಾಗಾದರೆ ಡಾಕ್ಟರು ಹೇಳಿದರೆ ಮೂರನೆಯದನ್ನು ನುಂಗಬಹುದೋ ಇಲ್ಲವೋ, ಮಗು?" ಎಂದು ಅಜ್ಜಿ ಕೇಳಿದರು. ಹುಡುಗಿ ಕಾಗದವನ್ನು ಮತ್ತೊಮ್ಮೆ ನೋಡಿ, "ಡಾಕ್ಟರು ಹೇಳಿದರೂ ಬೇಡ ಅಂತ ಇದೆ ಅಜ್ಜಿ" ಎಂದಳು.

ಅಂದು ಸಂಜೆ ಅವಳ ಅಭ್ಯಾಸಪುಸ್ತಕವನ್ನು ತೆಗೆದು ನೋಡಿದೆನು. 'ಇಫ್' ಮತ್ತು 'ನಾಟ್' ಇರುವ ವಾಕ್ಯಗಳನ್ನು 'ಅನ್‌ಲೆಸ್' ಬಳಸಿ ತಿರುಗಿಸಿ ಬರೆಯಿರಿ ಎಂಬ ಪ್ರಶ್ನೆಯ ಕೆಳಗೆ ಹತ್ತು ವಾಕ್ಯಗಳು, ಹತ್ತಕ್ಕೂ ಕೆಂಪು ಮಸಿಯ ಸರಿಗುರುತು! 'ಅನ್‌ಲೆಸ್' ಎಂದರೇನೆಂದು ಅವಳನ್ನು ಹತ್ತು ಸಲ ಪರೀಕ್ಷಿಸಿದ್ದಾರೆ. ಒಂದು ಸಲವಾದರೂ 'ಹೊರತು' ಎಂಬ ನಮ್ಮ ಮಾತನ್ನು ಅದರ ಪಕ್ಕದಲ್ಲಿ ಯಾರೂ ಇಟ್ಟಿರಲಿಲ್ಲ. "ವೈದ್ಯರು ಹೇಳದ ಹೊರತು" ಎಂದು ನಾನು ಹೇಳಿದೊಡನೆ ಅವಳು, "ಇಷ್ಟೆಯೇ!" ಎಂದು ನಕ್ಕುಬಿಟ್ಟಳು. ನನಗೆ ನಗೆ ಬರಲಿಲ್ಲ.

ದೋಷವು ಆ ಮಗುವಿನದಲ್ಲ. ಅಕ್ಷರಮಾಲೆಯನ್ನು ದಾಟಿ, ಸಾವಿರವೋ ಎರಡು ಸಾವಿರವೋ ಪದಗಳನ್ನು ಕಂಡು, ಆದರೂ ಒಂದು ಇಂಗ್ಲಿಷ್ ವೃತ್ತಪತ್ರಿಕೆಯ ಅರ್ಧ ಅಂಕಣವನ್ನು ಸ್ವತಂತ್ರವಾಗಿ ಓದಲಾರದ ಮಧ್ಯಮಾವಸ್ಥೆಯೊಂದುಂಟು. ನಮ್ಮ ಮಕ್ಕಳು ಎಂಟನೆಯ ತರಗತಿಯಿಂದ ಪದವಿಯವರೆಗೂ ಈ ಹೊಳೆಯ ನಡುವೆಯೇ ನಿಂತಿರುತ್ತಾರೆ. ಅವರನ್ನು ದಡ ಸೇರಿಸುವುದಕ್ಕೆಂದು ನಾವು ಕೊಟ್ಟಿರುವ ದೋಣಿ ಯಾವುದು? ಬಿಟ್ಟ ಸ್ಥಳವನ್ನು ತುಂಬಿರಿ. ಕರ್ತರಿಯನ್ನು ಕರ್ಮಣಿಗೆ ತಿರುಗಿಸಿರಿ. ಸಮಾನಾರ್ಥಕ ಪದವನ್ನು ಆರಿಸಿರಿ. ಪೇಟೆಯ ಗೈಡುಗಳಲ್ಲಿ ಇದೇ, ಮನೆಪಾಠದಲ್ಲಿ ಇದೇ, ಈಗ ಮೊಬೈಲಿನಲ್ಲಿಯೂ ಇದೇ. ಅಲ್ಲಿ ಉತ್ತರ ಸರಿಯಾದರೆ ಗಂಟೆ ಬಾರಿಸಿ ಒಂದು ನಕ್ಷತ್ರವನ್ನೂ ಕೊಡುತ್ತಾರಂತೆ. ಇದಕ್ಕೆ ಅಭ್ಯಾಸವೆಂಬ ಹೆಸರು. ಈಜು ಕಲಿಯಬೇಕೆಂದವನನ್ನು ಕಟ್ಟೆಯ ಮೇಲೆ ಮಲಗಿಸಿ ಹತ್ತು ವರ್ಷ ಕೈಕಾಲು ಆಡಿಸಿದರೆ ಅದೂ ಅಭ್ಯಾಸವೇ.

ಪದಗಳ ಪಟ್ಟಿಯ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಕನ್ನಡ ಕಲಿಯಬಂದ ಒಬ್ಬ ಆಂಗ್ಲೇಯನಿಗೆ ನಾವು 'ಹೊಡೆ' ಎಂಬ ಧಾತುವನ್ನು ಪಟ್ಟಿಯಲ್ಲಿ ಬರೆದು, ಏಟು ಕೊಡುವುದೆಂದು ಅದರ ಅರ್ಥವನ್ನು ಬಾಯಿಪಾಠ ಮಾಡಿಸಿದೆವೆನ್ನಿ. ಮರುದಿನ ಅವನು ಬೀದಿಗೆ ಬಂದರೆ ಒಬ್ಬನು ಗೋಡೆಗೆ ಸುಣ್ಣ ಹೊಡೆಯುತ್ತಿದ್ದಾನೆ, ಇನ್ನೊಬ್ಬನು ಲಾರಿ ಹೊಡೆಯುತ್ತಿದ್ದಾನೆ, ಮತ್ತೊಬ್ಬನು ಜಗಲಿಯ ಮೇಲೆ ನಿದ್ದೆ ಹೊಡೆಯುತ್ತಿದ್ದಾನೆ, ದೇವಸ್ಥಾನದಲ್ಲಿ ಗಂಟೆ ಹೊಡೆಯುತ್ತಿದೆ! ಪಾಪ, ಈ ಊರಿನವರೆಲ್ಲರೂ ಬಲು ಕ್ರೂರಿಗಳೆಂದು ಆತನು ಬಗೆದರೆ ಅದು ಯಾರ ತಪ್ಪು? ಇಂಗ್ಲಿಷಿನ 'ಗೆಟ್', 'ಟೇಕ್', 'ರನ್' ಎಂಬ ಚಿಕ್ಕ ಕ್ರಿಯಾಪದಗಳೂ ಇಂಥವೇ. ಅವುಗಳ ಅರ್ಥವು ಒಡನಾಡಿಗಳಲ್ಲಿದೆ. ಒಡನಾಡಿಗಳನ್ನು ಕಾಣಬೇಕಾದರೆ ಓದಬೇಕು, ಮತ್ತೆ ಮತ್ತೆ ಓದಬೇಕು. ಶಬ್ದಸಂಪತ್ತಿನ ವಿಷಯದಲ್ಲಿ ಬಹುಕಾಲ ಶ್ರಮಿಸಿದ ನ್ಯೂಜಿಲೆಂಡಿನ ಪಾಲ್ ನೇಷನ್ ಎಂಬ ವಿದ್ವಾಂಸರು ೨೦೦೬ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಇಂಗ್ಲಿಷ್ ಕಾದಂಬರಿಯನ್ನೋ ವೃತ್ತಪತ್ರಿಕೆಯನ್ನೋ ಪರರ ನೆರವಿಲ್ಲದೆ ಓದುವುದಕ್ಕೆ ಎಂಟರಿಂದ ಒಂಬತ್ತು ಸಾವಿರ ಪದಕುಟುಂಬಗಳು ಬೇಕು. ದಿನಕ್ಕೆ ಹತ್ತರಂತೆ ಬಾಯಿಪಾಠ ಮಾಡಿದರೆ ಎರಡೂವರೆ ವರ್ಷದಲ್ಲಿ ಮುಗಿಯಿತಲ್ಲ ಎನ್ನುವ ಲೆಕ್ಕಿಗರಿದ್ದಾರೆ. ಲೆಕ್ಕವು ಸರಿ, ಜ್ಞಾಪಕಶಕ್ತಿಯು ಅದಕ್ಕೆ ಒಪ್ಪುವುದಿಲ್ಲ. ಒಮ್ಮೆ ಕಂಡು ಮತ್ತೆ ಕಾಣದ ಪದವು ಮದುವೆಮನೆಯಲ್ಲಿ ಪರಿಚಯವಾದ ದೂರದ ನೆಂಟನಂತೆ. ಮುಖ ನೆನಪಿರುತ್ತದೆ, ಸಂಬಂಧ ನೆನಪಿರುವುದಿಲ್ಲ.

ವ್ಯಾಕರಣದ ಮಾತಿಗೆ ಬರುತ್ತೇನೆ. ವಿದ್ಯಾವಂತರ ಮನೆಗಳಲ್ಲಿ ರೆನ್ ಮತ್ತು ಮಾರ್ಟಿನ್ನರ ವ್ಯಾಕರಣವು ಭಗವದ್ಗೀತೆಯ ಪಕ್ಕದಲ್ಲಿಯೇ ಇರುವುದನ್ನು ಕಂಡಿದ್ದೇನೆ. ಗ್ರಂಥವು ಒಳ್ಳೆಯದೇ. ಆದರೆ ೧೯೩೦ರ ದಶಕದಲ್ಲಿ ಅದು ಹುಟ್ಟಿದ್ದು ಮುಖ್ಯವಾಗಿ ಇಂಡಿಯಾದಲ್ಲಿ ನೆಲಸಿದ್ದ ಬ್ರಿಟಿಷ್ ಅಧಿಕಾರಿಗಳ ಮಕ್ಕಳಿಗಾಗಿ ಎಂಬುದನ್ನು ನಾವು ಮರೆತಿದ್ದೇವೆ. ಆ ಮಕ್ಕಳು ತಾಯಿಯ ಮಡಿಲಲ್ಲಿ ಇಂಗ್ಲಿಷನ್ನು ಕೇಳಿ, ಇಂಗ್ಲಿಷಿನಲ್ಲಿ ಅತ್ತು, ಇಂಗ್ಲಿಷಿನಲ್ಲಿ ಜಗಳವಾಡಿ, ಆಮೇಲೆ ಅದನ್ನು ಬಿಡಿಸಿ ನೋಡಲು ಕುಳಿತವರು. ಕೈಯಲ್ಲಿ ಗಡಿಯಾರವಿದ್ದವನು ಅದನ್ನು ಬಿಚ್ಚಿ ಚಕ್ರಗಳನ್ನು ಪರೀಕ್ಷಿಸಬಹುದು. ನಮ್ಮ ಮಕ್ಕಳಿಗೆ ಗಡಿಯಾರವನ್ನೇ ಕೊಡದೆ ಚಕ್ರಗಳ ಹೆಸರನ್ನು ಕಲಿಸುತ್ತಿದ್ದೇವೆ.

ಹಾಗಾದರೆ ವ್ಯಾಕರಣವೇ ಬೇಡವೆ? ಬೇಕು, ಆದರೆ ನಮಗೆ ತೊಡಕಾಗುವ ಕಡೆ ಬೇಕು, ಮತ್ತು ಕನ್ನಡದ ಮೂಲಕ ಬೇಕು. ಇಲ್ಲಿಯೇ ನನಗೂ ಈ ಕಾಲದ ಅನೇಕ ಶಾಲೆಗಳಿಗೂ ತೀವ್ರವಾದ ವಿರೋಧ. ಇಂಗ್ಲಿಷ್ ಪಾಠದಲ್ಲಿ ಕನ್ನಡದ ಒಂದು ಮಾತು ಬಂದರೆ ಮೈಲಿಗೆಯಾಯಿತೆಂದು ಭಾವಿಸುವ ಉಪಾಧ್ಯಾಯರಿದ್ದಾರೆ. ಕನ್ನಡವಾಡಿದ ಮಕ್ಕಳಿಗೆ ದಂಡ ಹಾಕುವ ಶಾಲೆಗಳೂ ಇವೆಯೆಂದು ಕೇಳುತ್ತೇವೆ. ಈ ಮಹನೀಯರು ಒಂದು ಕ್ಷಣ ಯೋಚಿಸಲಿ. "ನಿನ್ನೆ ಸಂತೆಯಲ್ಲಿ ನಮಗೆ ಎಮ್ಮೆ ಮಾರಿದ ಗೌಡರು" ಎಂದು ನಾವು ಹೇಳುವಾಗ ವಿಶೇಷಣವೆಲ್ಲವೂ ಗೌಡರ ಮುಂದೆ ಮೆರವಣಿಗೆ ಹೊರಟಿರುತ್ತದೆ. ಇಂಗ್ಲಿಷಿನಲ್ಲಿ ಗೌಡರು ಮೊದಲು ಬಂದು ನಿಲ್ಲುತ್ತಾರೆ. 'ಹೂ' ಎಂಬ ಕೊಂಡಿಯನ್ನು ಹಿಡಿದು ಎಮ್ಮೆಯೂ ಸಂತೆಯೂ ನಿನ್ನೆಯೂ ಹಿಂದೆ ಬರುತ್ತವೆ. ಕನ್ನಡದ ಹುಡುಗನು ನಾಮಪದ ಕಂಡೊಡನೆ ಆ ಮಾತು ಮುಗಿಯಿತೆಂದು ತಿಳಿದು ಕ್ರಿಯಾಪದಕ್ಕಾಗಿ ಕಾಯುತ್ತಾನೆ. ನಡುವೆ ಬಂದ ಮೆರವಣಿಗೆಯಲ್ಲಿ ದಾರಿ ತಪ್ಪುತ್ತಾನೆ. ಉದ್ದವಾದ ಇಂಗ್ಲಿಷ್ ವಾಕ್ಯಗಳು ನಮ್ಮ ಮಕ್ಕಳಿಗೆ ಅರ್ಥವಾಗದಿರುವುದಕ್ಕೆ ಇದೊಂದು ದೊಡ್ಡ ಕಾರಣವೆಂದು ನಾನು ಬಲ್ಲೆ. ಎರಡು ವಾಕ್ಯಗಳನ್ನು ಅಕ್ಕಪಕ್ಕದಲ್ಲಿ ಬರೆದು ಅರ್ಧ ಗಂಟೆ ತೋರಿಸಿದರೆ ಕಣ್ಣು ತೆರೆಯುತ್ತದೆ. ಇಂಗ್ಲಿಷಿನಿಂದಲೇ ಇಂಗ್ಲಿಷನ್ನು ವಿವರಿಸುವವರು ಇದನ್ನು ಎಂದಿಗಾದರೂ ತೋರಿಸಿಯಾರೆ?

'ಎ', 'ದಿ' ಎಂಬ ಎರಡು ಪುಟ್ಟ ಪದಗಳಿಗಾಗಿ ಎಷ್ಟು ನಿಯಮಗಳು, ಎಷ್ಟು ಬಿಟ್ಟ ಸ್ಥಳಗಳು! ಅಜ್ಜಿ ಹೇಳುವ ಕಥೆಯ ಮೊದಲ ಎರಡು ವಾಕ್ಯಗಳಲ್ಲಿಯೇ ಆ ರಹಸ್ಯದ ಬಹುಭಾಗವಿದೆ. "ಒಂದೂರಿನಲ್ಲಿ ಒಬ್ಬ ರಾಜನಿದ್ದ. ಆ ರಾಜನಿಗೆ ಇಬ್ಬರು ಹೆಂಡಿರು." ಕೇಳುವವನಿಗೆ ಹೊಸಬನಾದ ರಾಜನು 'ಒಬ್ಬ'; ಪರಿಚಯವಾದ ಮೇಲೆ 'ಆ'. ಎಲ್ಲ ಸಂದರ್ಭಗಳಿಗೂ ಇದು ಸಾಲದೆಂಬುದು ನಿಜ. ಆದರೆ ಅರ್ಧ ಹೊರೆಯನ್ನಾದರೂ ಇಳಿಸುತ್ತದೆ. ಹಾಗೆಯೇ "ಅವರು ನಿನ್ನೆ ಬಂದಿದ್ದಾರೆ" ಎಂಬುದು ನಮ್ಮಲ್ಲಿ ಸಾಧುವಾದ ಮಾತು. ಇಂಗ್ಲಿಷಿನಲ್ಲಿ 'ಹ್ಯಾವ್ ಕಮ್' ಎಂಬುದರ ಜೊತೆಗೆ 'ಯೆಸ್ಟರ್‌ಡೇ' ಕೂಡಿ ಬಾಳದು. ನಮ್ಮವರು ಈ ತಪ್ಪನ್ನು ಮಾಡುವುದು ಮೂರ್ಖರಾಗಿದ್ದರಿಂದಲ್ಲ, ಕನ್ನಡವನ್ನು ಚೆನ್ನಾಗಿ ಬಲ್ಲವರಾದ್ದರಿಂದ. ತಪ್ಪಿನ ಬೇರು ಕನ್ನಡದಲ್ಲಿರುವಾಗ ಮದ್ದನ್ನು ಕನ್ನಡದಲ್ಲಿ ಕೊಡಬಾರದೆನ್ನುವುದು ಯಾವ ವೈದ್ಯಶಾಸ್ತ್ರ? ಇಂಗ್ಲಿಷ್ ಅಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು 'ಇಂಗ್ಲಿಷ್ ಗೀತಗಳು' ಬರೆದವರು. ವಿನಾಯಕ ಕೃಷ್ಣ ಗೋಕಾಕರು ಹೈದರಾಬಾದಿನ ಕೇಂದ್ರ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಕನ್ನಡವನ್ನು ಬಾಗಿಲಾಚೆ ನಿಲ್ಲಿಸಿ ಇವರು ಇಂಗ್ಲಿಷನ್ನು ಕಲಿತರೆಂದು ಹೇಳುವ ಧೈರ್ಯ ಯಾರಿಗಿದೆ?

ಇವೆಲ್ಲ ಈ ಲೇಖಕನ ಸ್ವಂತ ಹುಚ್ಚೆಂದು ತಿಳಿಯಬೇಡಿ. ಢಾಕಾದಲ್ಲಿ ಉಪಾಧ್ಯಾಯರ ಶಿಕ್ಷಣ ಕಾಲೇಜಿನ ಮುಖ್ಯಸ್ಥರಾಗಿದ್ದ ಮೈಕೇಲ್ ವೆಸ್ಟ್ ಎಂಬ ಆಂಗ್ಲೇಯರು ೧೯೨೬ರಲ್ಲಿಯೇ, ಬಂಗಾಳದ ಹುಡುಗನಿಗೆ ಮೊದಲು ಬೇಕಾದದ್ದು ಓದುವ ಶಕ್ತಿ ಎಂದು ವಾದಿಸಿ ದ್ವಿಭಾಷಾ ವಿಷಯಕವಾದ ಗ್ರಂಥವನ್ನು ಪ್ರಕಟಿಸಿದರು; ಮಿತವಾದ ಪದಗಳಲ್ಲಿ ಬರೆದ ವಾಚನಪುಸ್ತಕಗಳನ್ನೂ ಸಿದ್ಧಪಡಿಸಿದರು. ನಮ್ಮ ಬೆಂಗಳೂರಿನ ಹೆಸರನ್ನೇ ಹೊತ್ತ ಪ್ರಯೋಗವೊಂದು ೧೯೭೯ರಿಂದ ೧೯೮೪ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ನಡೆಯಿತು. ಅಲ್ಲಿ ವ್ಯಾಕರಣಸೂತ್ರಗಳನ್ನು ಪಾಠಕ್ರಮವಾಗಿ ಇಡಲಿಲ್ಲ. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ ಮುಂತಾದವನ್ನು ಕೊಟ್ಟು, ಯೋಚಿಸಿ ಉತ್ತರ ಕಂಡುಹಿಡಿಯಬೇಕಾದ ಸಮಸ್ಯೆಗಳನ್ನು ಒಡ್ಡಿದರು. ಮನಸ್ಸು ಅರ್ಥದಲ್ಲಿ ತೊಡಗಿರುವಾಗ ವ್ಯಾಕರಣವು ತಾನಾಗಿ ನೆಲೆಗೊಳ್ಳುತ್ತದೆಂಬುದು ಅವರ ನಂಬಿಕೆ. ಲೋಕದಾದ್ಯಂತ ಭಾಷಾಬೋಧಕರು ಆ ಪ್ರಯೋಗವನ್ನು ಚರ್ಚಿಸಿದರು. ಬೆಂಗಳೂರಿನ ತಂದೆತಾಯಿಗಳಲ್ಲಿ ಅದರ ಹೆಸರನ್ನು ಕೇಳಿದವರು ಎಷ್ಟು ಮಂದಿ?

ಇನ್ನೊಂದು ನಿದರ್ಶನವು ಫಿಜಿ ದ್ವೀಪಗಳದು. ಅಲ್ಲಿಯೂ ಇಂಗ್ಲಿಷು ಮಕ್ಕಳಿಗೆ ಎರಡನೆಯ ಭಾಷೆ. ಎಲಿ ಮತ್ತು ಮಂಗುಭಾಯಿ ಎಂಬ ಇಬ್ಬರು ೧೯೮೩ರಲ್ಲಿ ಪ್ರಕಟಿಸಿದ ವರದಿಯಂತೆ, ಹಳ್ಳಿಯ ಶಾಲೆಗಳ ನಾಲ್ಕು ಐದನೆಯ ತರಗತಿಗಳಿಗೆ, ತರಗತಿಗೆ ೨೫೦ರಂತೆ, ಚಿತ್ರಸಹಿತವಾದ ಕಥೆಪುಸ್ತಕಗಳನ್ನು ಒದಗಿಸಿದರು. ಎಂಟು ತಿಂಗಳಲ್ಲಿ ಆ ಮಕ್ಕಳು ಓದಿ ತಿಳಿಯುವುದರಲ್ಲಿಯೂ ಕೇಳಿ ತಿಳಿಯುವುದರಲ್ಲಿಯೂ ವಾಡಿಕೆಯ ಎರಡರಷ್ಟು ವೇಗದಲ್ಲಿ ಮುಂದುವರಿದರು; ಎರಡನೆಯ ವರ್ಷದಲ್ಲಿ ಲಾಭವು ಬರವಣಿಗೆಗೂ ಹಬ್ಬಿತು. ಕೊಟ್ಟಿದ್ದು ಕಥೆ, ಬಂದದ್ದು ಭಾಷೆ.

"ಅದೆಲ್ಲಾ ಸರಿ ಸ್ವಾಮಿ, ಪರೀಕ್ಷೆಯಲ್ಲಿ ಬಿಟ್ಟ ಸ್ಥಳವನ್ನು ಕೇಳುತ್ತಾರಲ್ಲ?" ಎಂದು ಒಬ್ಬ ಮಿತ್ರರು ನನ್ನನ್ನು ತಡೆದರು. ಕೇಳಲಿ. ವರ್ಷದ ಕೊನೆಯ ಆರು ವಾರ ಅದನ್ನು ಅಭ್ಯಾಸ ಮಾಡಿಸಿ. ಓದುವ ಹುಡುಗನಿಗೆ ಅಷ್ಟು ಸಾಕು. ಉಳಿದ ತಿಂಗಳುಗಳನ್ನೂ ಅದಕ್ಕೇ ಬಲಿಗೊಡುವುದು ಏತಕ್ಕೆ?

ಮನೆಯಲ್ಲಿ ಮಾಡಬಹುದಾದದ್ದು ಸುಲಭ. ದಿನವೂ ಅರ್ಧ ಗಂಟೆ, ಮಗುವೇ ಆರಿಸಿಕೊಂಡ ಪುಸ್ತಕ. ನೂರು ಪದಗಳಲ್ಲಿ ತಿಳಿಯದವು ಎರಡು ಮೂರನ್ನು ಮೀರಿದರೆ ಆ ಪುಸ್ತಕವನ್ನು ಮುಂದಿನ ವರ್ಷಕ್ಕೆ ತೆಗೆದಿಡಿ; ಕಷ್ಟವಾದುದೇ ಶ್ರೇಷ್ಠವೆಂಬ ನಮ್ಮ ಮೂಢನಂಬಿಕೆಯು ಇಲ್ಲಿ ಹಾನಿಕರ. ನಿಘಂಟನ್ನು ಪುಟಕ್ಕೊಮ್ಮೆ ಮಾತ್ರ ತೆಗೆಯಲಿ. ಓದಿದ ಮೇಲೆ ಪ್ರಶ್ನೋತ್ತರ ಬೇಡ. ಕಥೆಯನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಲಿ. ಹೇಳಲು ಬಂದರೆ ಅರ್ಥವಾಗಿದೆ; ತೊದಲಿದರೆ ಎಲ್ಲಿ ತೊದಲಿತೋ ಅಲ್ಲಿ ಪಾಠವಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯವರು ೨೦೧೫ರಿಂದ ಸ್ಟೋರಿವೀವರ್ ಎಂಬಲ್ಲಿ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಕಥೆಗಳನ್ನು ಉಚಿತವಾಗಿ ಇಟ್ಟಿದ್ದಾರೆ. ಮೊಬೈಲಿಗೆ ಅದಕ್ಕಿಂತ ಸದ್ಗತಿಯಿಲ್ಲ. ಸ್ವಲ್ಪ ಬಲ ಬಂದವರಿಗೆ ಮೈಸೂರಿನ ಆರ್. ಕೆ. ನಾರಾಯಣರ 'ಸ್ವಾಮಿ ಅಂಡ್ ಫ್ರೆಂಡ್ಸ್' ಇದ್ದೇ ಇದೆ. ೧೯೩೫ರಲ್ಲಿ ಅಚ್ಚಾದ ಆ ಪುಸ್ತಕದ ಹುಡುಗನು ನಮ್ಮ ಬೀದಿಯ ಹುಡುಗನೇ. ಮನೆಗಂದಾಯದ ಜೊತೆಗೆ ಗ್ರಂಥಾಲಯದ ಕರವನ್ನೂ ತೆರುತ್ತಿದ್ದೇವೆ. ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಆ ಗ್ರಂಥಾಲಯದ ಮೆಟ್ಟಿಲು ಹತ್ತಿದ್ದಾರೆ? ಮನೆಪಾಠದ ಒಂದು ತಿಂಗಳ ಶುಲ್ಕದಲ್ಲಿ ವರ್ಷಕ್ಕಾಗುವಷ್ಟು ಮಕ್ಕಳ ಪುಸ್ತಕಗಳು ಬರುತ್ತವೆ.

ಕಡೆಯದಾಗಿ ನಮ್ಮ ಸಂಘದ ಮುಂದೆ ಒಂದು ಬಿನ್ನಹ. ಸಂಘದ ವಾಚನಾಲಯದಲ್ಲಿ ಸುಲಭವಾದ ಇಂಗ್ಲಿಷ್ ಕಥೆಪುಸ್ತಕಗಳ ಒಂದು ಕಪಾಟನ್ನು, ಅದರ ಎದುರಿಗೇ ಕನ್ನಡ ಮಕ್ಕಳ ಪುಸ್ತಕಗಳ ಇನ್ನೊಂದು ಕಪಾಟನ್ನು ಇಡಬೇಕು. ಕನ್ನಡದ ಸಂಘದಲ್ಲಿ ಇಂಗ್ಲಿಷಿಗೆ ಸ್ಥಳವೇ ಎಂದು ಕೆಲವು ಹಿರಿಯರು ಈಗಾಗಲೇ ಹುಬ್ಬುಗಂಟಿಕ್ಕಿದ್ದಾರೆ. ಅವರನ್ನು ನಾನು ಗೌರವಿಸುತ್ತೇನೆ. ಆದರೆ ಅವರ ಮೊಮ್ಮಕ್ಕಳು ವಾರಕ್ಕೆ ಹನ್ನೆರಡು ಗಂಟೆಗಳನ್ನು ಬಿಟ್ಟ ಸ್ಥಳಗಳಿಗೆ ಸುರಿದು, ಆ ದಣಿವಿನಲ್ಲಿ ಕನ್ನಡದ ಒಂದು ಕಥೆಯನ್ನೂ ಮುಟ್ಟುತ್ತಿಲ್ಲವೆಂಬುದನ್ನು ಅವರು ಬಲ್ಲರೆ? ಮುಂದಿನ ಕಾರ್ಯಕಾರಿ ಸಭೆಯಲ್ಲಿ ಈ ಸೂಚನೆಯನ್ನು ನಾನೇ ಮಂಡಿಸುವವನಿದ್ದೇನೆ. ವಿರೋಧಿಸುವವರು ದಯವಿಟ್ಟು ಬರಿಗೈಯಲ್ಲಿ ಬರಬಾರದು. ತಮ್ಮ ಮನೆಯ ಮಕ್ಕಳ ಅಭ್ಯಾಸಪುಸ್ತಕವನ್ನೂ ಒಂದು ಔಷಧಿಯ ಡಬ್ಬಿಯನ್ನೂ ಜೊತೆಗೆ ತರಬೇಕು.