ಪೆಟ್ಟಿಗೆ ಕಡ್ಡಾಯ, ಪ್ಲಗ್ಗು ಇಷ್ಟಬಂದದ್ದು

ಮಲೆನಾಡಿನ ಕೋಣಂದೂರಿನ ಮೇಲೆ ಹಾಯುವ ಹಳೆಯ ಖಾಸಗಿ ಬಸ್ಸೊಂದರ ಡ್ರೈವರ್ ಪಕ್ಕದ ತಗಡು ಬಿಚ್ಚಿ ನೋಡಿ, ವೈರಿನ ಗೋಜಲು ಕಾಣುತ್ತದೆ. ಹಾಡಿನ ಸೆಟ್ಟಿಗೊಂದು, ಜಿಪಿಎಸ್ಸಿಗೊಂದು, ಕ್ಯಾಮೆರಾಕ್ಕೊಂದು. ಒಂದೊಂದನ್ನು ಒಬ್ಬೊಬ್ಬರು ಕೂರಿಸಿ ಹೋಗಿರುತ್ತಾರೆ. ಟೇಪು ಸುತ್ತಿದ ಜಾಯಿಂಟಿಗೆ ಮಳೆಗಾಲದ ಥಂಡಿ ಹಿಡಿದರೆ ಯಾವ ವೈರು ಯಾವುದರದ್ದೆಂದು ಹುಡುಕುವುದರಲ್ಲೇ ಒಂದು ಟ್ರಿಪ್ ಹೋಯಿತು.

ಇದಕ್ಕೆ ಪರಿಹಾರ ಎಂದೋ ಸಿಕ್ಕಿದೆ. ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ‘ಕ್ಯಾನ್’ ಜಾಲವನ್ನು ಲೋಕದ ಮುಂದಿಟ್ಟಿತು. ಒಂದಕ್ಕೊಂದು ಹೊಸೆದ ಎರಡೇ ತಂತಿ, ಎರಡೂ ತುದಿಯಲ್ಲಿ 120 ಓಮ್‌ನ ರೆಸಿಸ್ಟರ್. ಎಂಜಿನ್, ಬ್ರೇಕು, ಬಾಗಿಲು ಎಲ್ಲದರ ಸುದ್ದಿಯೂ ಅದರಲ್ಲೇ. ಎರಡು ಸುದ್ದಿ ಒಟ್ಟಿಗೆ ಹೊರಟರೆ ಚಿಕ್ಕ ಗುರುತಿನ ಸಂಖ್ಯೆಯದ್ದು ಮುಂದೆ, ಇನ್ನೊಂದು ಕಾಯಬೇಕು. ಹೊರಗಿನ ವಿದ್ಯುತ್ ಗದ್ದಲ ಎರಡೂ ತಂತಿಗೆ ಸಮನಾಗಿ ತಾಗುತ್ತದೆ; ಯಂತ್ರ ಓದುವುದು ಅವುಗಳ ನಡುವಿನ ವ್ಯತ್ಯಾಸವನ್ನು ಮಾತ್ರ, ಹಾಗಾಗಿ ಗದ್ದಲ ಲೆಕ್ಕಕ್ಕೇ ಬರುವುದಿಲ್ಲ. ಲಾರಿ, ಬಸ್ಸುಗಳಿಗಾಗಿ ಇದರ ಮೇಲೆ ಕಟ್ಟಿದ ಮಾನಕ ಜೆ1939. ಟಿಕೆಟ್ ಯಂತ್ರ, ಬೋರ್ಡುಗಳನ್ನೂ ಇಂಥದೇ ಒಪ್ಪಂದಕ್ಕೆ ತರಲು 2013ರಲ್ಲಿ ಯುರೋಪಿನಲ್ಲಿ ಐಟಿಎಕ್ಸ್‌ಪಿಟಿ ಸಂಸ್ಥೆ ಹುಟ್ಟಿತು.

ನಮ್ಮಲ್ಲೂ ಕೆಲಸ ನಡೆಯದೆ ಇಲ್ಲ. ವಿಶ್ವಬ್ಯಾಂಕಿನ ನೆರವಿನಿಂದ ಮೈಸೂರಿನ ಸಿಟಿ ಬಸ್ಸುಗಳಿಗೆ ಕೆಎಸ್‌ಆರ್‌ಟಿಸಿ 2012ರಲ್ಲೇ ಜಿಪಿಎಸ್ ಕೂರಿಸಿತು. 2019ರ ಜನವರಿಯಿಂದ ಹೊಸ ಬಸ್ಸುಗಳಿಗೆ ಎಐಎಸ್-140 ಮಾನಕದ ಜಿಪಿಎಸ್ ಪೆಟ್ಟಿಗೆ, ತುರ್ತು ಗುಂಡಿ ಕಡ್ಡಾಯ. ಸಿಗ್ನಲ್ ಸಿಗದ ಕಡೆ 40,000 ದಾಖಲೆ ತುಂಬಿಟ್ಟುಕೊಂಡು, ಸಿಕ್ಕಾಗ ಕಳಿಸುವ ಶಕ್ತಿ ಆ ಪೆಟ್ಟಿಗೆಗೆ ಇರಬೇಕು. ಮಲೆನಾಡಿಗೆ ಹೇಳಿ ಮಾಡಿಸಿದ ನಿಯಮ. ಆದರೆ ನಿಯಮದ ಕಣ್ಣು ಮುಖ್ಯವಾಗಿ ಪೆಟ್ಟಿಗೆಯ ಮೇಲಿದೆ. ಬಸ್ಸಿನ ಉಳಿದ ಯಂತ್ರಗಳನ್ನು ಒಂದೇ ಜಾಲಕ್ಕೆ ತರುವ ಉಸಾಬರಿಗೆ ಅದು ಹೋಗಿಲ್ಲ.

ನಿಗಮಕ್ಕಾದರೆ ಡಿಪೋ ಇದೆ, ಮೆಕ್ಯಾನಿಕ್ ಇದ್ದಾರೆ, ಟೆಂಡರಿನ ಬಲವಿದೆ. ಸಾಲ ಮಾಡಿ ಒಂದೆರಡು ಬಸ್ಸು ಬಿಟ್ಟವರಿಗೆ ಏನಿದೆ? ಪೆಟ್ಟಿಗೆ ಮಾರಿದವರು ಅಂಗಡಿ ಮುಚ್ಚಿದರೆ ಪ್ಲಗ್ಗು, ವೈರು ಸಮೇತ ಎಲ್ಲವೂ ಗುಜರಿಗೆ. ಹೆಂಗಸರ ರಕ್ಷಣೆಗೆಂದು ಇಟ್ಟ ಗುಂಡಿಯ ವೈರೇ ತುಕ್ಕು ಹಿಡಿದಿದ್ದರೆ ಒತ್ತಿದವರ ಕೂಗು ಯಾರಿಗೂ ಮುಟ್ಟದು.

ಸಾರಿಗೆ ಇಲಾಖೆಗೆ ಒಂದು ಮಾತು: ಯಂತ್ರ ಕಡ್ಡಾಯ ಮಾಡುವಾಗ ಅದರ ಪ್ಲಗ್ಗು, ವೈರಿನ ಬಣ್ಣ, ಮಾಹಿತಿಯ ರೂಪವನ್ನೂ ಕಡ್ಡಾಯ ಮಾಡಿ, ಎಲ್ಲರಿಗೂ ಸಿಗುವಂತೆ ಪ್ರಕಟಿಸಿ. ತೀರ್ಥಹಳ್ಳಿಯ ಆಟೋ ಎಲೆಕ್ಟ್ರಿಷಿಯನ್ ರಿಪೇರಿ ಮಾಡಲಾಗದ ಮಾನಕ ನಮ್ಮ ಕಡೆಯ ಬಸ್ಸುಗಳಿಗೆ ದಂಡದ ರಸೀದಿಯೇ ಹೊರತು ಸೌಕರ್ಯವಲ್ಲ.