ದಂಡಕ್ಕೆ ರಿಯಾಯಿತಿ, ದಾಖಲೆಗೆ ಅಲೆದಾಟ

ಸಂಚಾರ ನಿಯಮ ಉಲ್ಲಂಘನೆಯ ಬಾಕಿ ದಂಡಕ್ಕೆ ಶೇ 50ರಷ್ಟು ರಿಯಾಯಿತಿ ಘೋಷಿಸುವುದು ಕರ್ನಾಟಕದಲ್ಲಿ ಹೆಚ್ಚುಕಡಿಮೆ ಒಂದು ರೂಢಿಯೇ ಆಗಿಬಿಟ್ಟಿದೆ. 2023ರ ಫೆಬ್ರುವರಿ 3ರಿಂದ 11ರವರೆಗೆ ಈ ಅವಕಾಶ ದೊರೆತಾಗ ಬೆಂಗಳೂರಿನ ಸಂಚಾರ ಠಾಣೆಗಳ ಮುಂದೆ ನಿಂತ ಜನರನ್ನು ನೋಡಿದವರಿಗೆ ಇದು ದಂಡ ಕಟ್ಟುವವರ ಸಾಲೋ ಆಷಾಢದ ಸೀರೆ ಮಾರಾಟದ ಸಾಲೋ ಎಂಬ ಅನುಮಾನ ಬಂದಿದ್ದರೆ ಆಶ್ಚರ್ಯವಿಲ್ಲ. ಆ ಒಂಬತ್ತು ದಿನಗಳಲ್ಲಿ ನೂರು ಕೋಟಿ ರೂಪಾಯಿಗೂ ಹೆಚ್ಚು ಹಣ ಸಂಗ್ರಹವಾಯಿತು. ಮರುತಿಂಗಳೇ ಅವಕಾಶ ಮತ್ತೆ ತೆರೆಯಿತು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಇನ್ನೊಮ್ಮೆ ಅದೇ ನಡೆಯಿತು.

ಹಣ ಬಂದದ್ದು ನಿಜ. ಆದರೆ ಈ ಸಂಭ್ರಮದಲ್ಲಿ ಒಂದು ಮೂಲಭೂತ ಪ್ರಶ್ನೆಯನ್ನು ನಾವು ಕೇಳಲೇ ಇಲ್ಲ. ಪೊಲೀಸರು ಕಳುಹಿಸುವ ಚಲನ್ ಎಂದರೆ ಏನು? ಅದು ತೀರ್ಪೇ, ಬಿಲ್ಲೇ, ಆರೋಪವೇ?

ಕಾನೂನಿನ ಉತ್ತರ ಸ್ಪಷ್ಟ. ಚಲನ್ ಒಂದು ಆರೋಪ ಮಾತ್ರ. 1988ರ ಮೋಟಾರು ವಾಹನ ಕಾಯ್ದೆಯ 200ನೇ ಕಲಂ ಕೆಲವು ಅಪರಾಧಗಳನ್ನು ರಾಜಿದಂಡ ಕಟ್ಟಿ ಮುಗಿಸಿಕೊಳ್ಳಲು ಅವಕಾಶ ಕೊಡುತ್ತದೆ. ರಾಜಿಗೆ ಒಪ್ಪದವನ ಅಪರಾಧವನ್ನು ನ್ಯಾಯಾಲಯವೇ ತೀರ್ಮಾನಿಸಬೇಕು. ಅದಕ್ಕೂ ಸುಲಭದ ಹಾದಿಯನ್ನು ಶಾಸನವೇ ಹಾಕಿಕೊಟ್ಟಿದೆ: ಅದೇ ಕಾಯ್ದೆಯ 208ನೇ ಕಲಂ ಪ್ರಕಾರ, ನ್ಯಾಯಾಲಯ ಸಮನ್ಸ್‌ನಲ್ಲಿ ಹಾಗೆ ಸೂಚಿಸಿದ್ದರೆ ಆರೋಪಿಯು ವಕೀಲರ ಮೂಲಕ ಹಾಜರಾಗಬಹುದು, ಇಲ್ಲವೇ ತಪ್ಪೊಪ್ಪಿಗೆಯನ್ನು ನೋಂದಾಯಿತ ಅಂಚೆಯಲ್ಲಿ ಕಳುಹಿಸಿ ಹಣ ಸಂದಾಯ ಮಾಡಬಹುದು. ಅಂದರೆ ಕಾನೂನು ತೋರಿಸುವ ದಾರಿಗಳು ಎರಡೇ: ಒಪ್ಪಿ ಕಟ್ಟುವುದು ಅಥವಾ ನ್ಯಾಯಾಲಯದಲ್ಲಿ ಉತ್ತರಿಸುವುದು. ನಮ್ಮಲ್ಲಿ ಲಕ್ಷಾಂತರ ಚಲನ್‌ಗಳು ಈ ಎರಡರಲ್ಲಿ ಯಾವುದನ್ನೂ ಹಿಡಿಯದೆ ಮೂರನೆಯ ಸ್ಥಿತಿಯಲ್ಲಿ ತೂಗಾಡುತ್ತಿವೆ. ಅದರ ಹೆಸರು ‘ಬಾಕಿ’.

ಕ್ಯಾಮೆರಾಗಳು ಬಂದ ಮೇಲೆ ಈ ಬಾಕಿ ಬೆಳೆಯುವ ವೇಗವೂ ಹೆಚ್ಚಿದೆ. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ನೋಂದಣಿ ಫಲಕ ಗುರುತಿಸುವ 250 ಕ್ಯಾಮೆರಾಗಳೂ ಕೆಂಪು ದೀಪ ದಾಟಿದವರನ್ನು ಹಿಡಿಯುವ 80 ಕ್ಯಾಮೆರಾಗಳೂ ಕೆಲಸ ಆರಂಭಿಸಿದವು. ಪೊಲೀಸ್ ಪೇದೆಯ ಕಣ್ತಪ್ಪಿಸಬಹುದು, ಯಂತ್ರದ ಕಣ್ಣನ್ನು ತಪ್ಪಿಸಲಾಗದು. ಲಂಚಕ್ಕೂ ಅಲ್ಲಿ ಜಾಗವಿಲ್ಲ. ಇದು ಸ್ವಾಗತಾರ್ಹವೇ. ಆದರೆ ಕ್ಯಾಮೆರಾಕ್ಕೆ ಗೊತ್ತಿರುವುದು ವಾಹನದ ಸಂಖ್ಯೆ, ಚಾಲಕನ ಗುರುತಲ್ಲ. ಆದ್ದರಿಂದಲೇ 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ 167ಎ ನಿಯಮವು ಹಲವು ಷರತ್ತುಗಳನ್ನು ವಿಧಿಸಿತು. ಉಪಕರಣಕ್ಕೆ ಅನುಮೋದನಾ ಪ್ರಮಾಣಪತ್ರವಿರಬೇಕು. ಉಲ್ಲಂಘನೆಯ ನೋಟಿಸ್ 15 ದಿನಗಳೊಳಗೆ ಹೋಗಬೇಕು. ದಿನ, ಸಮಯ, ಸ್ಥಳ ಮತ್ತು ವಾಹನ ಸಂಖ್ಯೆ ಕಾಣುವ ಚಿತ್ರ ಅದರಲ್ಲಿರಬೇಕು. ಚಲನ್ ಇತ್ಯರ್ಥವಾಗುವವರೆಗೂ ವಿದ್ಯುನ್ಮಾನ ದಾಖಲೆಯನ್ನು ಕಾಪಾಡಬೇಕು. ಯಂತ್ರದ ಸಾಕ್ಷ್ಯವನ್ನು ಪರೀಕ್ಷೆಗೆ ಒಡ್ಡಬೇಕೆಂಬುದೇ ಈ ಷರತ್ತುಗಳ ತಿರುಳು. ಪರೀಕ್ಷೆಯೇ ನಡೆಯದಿದ್ದರೆ ಷರತ್ತುಗಳಿಗೆ ಏನು ಅರ್ಥ?

ನನ್ನ ಸ್ಕೂಟರಿನ ಹೆಸರಿನಲ್ಲಿ ಹೆಲ್ಮೆಟ್ ಇಲ್ಲದ ಸವಾರಿಗಾಗಿ ಒಮ್ಮೆ ಚಲನ್ ಬಂದಿತ್ತು. ಚಿತ್ರದಲ್ಲಿದ್ದ ವಾಹನದ ಬಣ್ಣವೇ ಬೇರೆ. ನೋಂದಣಿ ಫಲಕದ ಒಂದು ಅಂಕಿ ಅರ್ಧ ಮುಚ್ಚಿಹೋಗಿತ್ತು. ವಿವರಣೆ ಕೊಡಲು ಹೋದಾಗ ಅಲ್ಲಿನ ಸಿಬ್ಬಂದಿ ಸೌಜನ್ಯದಿಂದಲೇ ಹೇಳಿದರು: ‘ಐನೂರು ರೂಪಾಯಿಗೆ ಯಾಕ್ ಸಾರ್ ಇಷ್ಟು ತಲೆ ಕೆಡಿಸ್ಕೋತೀರಾ? ಆಫರ್ ಬಿಟ್ಟಾಗ ಅರ್ಧ ಕಟ್ಟಿ, ಮುಗೀತು.’ ಆ ಸಲಹೆಯಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಆದರೆ ಮಾಡದ ತಪ್ಪನ್ನು ಅರ್ಧ ಬೆಲೆಗೆ ಒಪ್ಪಿಕೊಳ್ಳಿ ಎನ್ನುವ ಮಾತು ಅಷ್ಟು ಸಹಜವಾಗಿ ಬರುವ ಮಟ್ಟಕ್ಕೆ ವ್ಯವಸ್ಥೆ ಬಂದು ನಿಂತಿದೆಯಲ್ಲ, ಅದು ಯೋಚಿಸಬೇಕಾದ ಸಂಗತಿ. ಪ್ರಕರಣ ನ್ಯಾಯಾಲಯಕ್ಕೆ ಹೋಗಿದ್ದರೆ ಅಲ್ಲಿಯೇ ಉತ್ತರಿಸೋಣವೆಂದು ಹುಡುಕತೊಡಗಿದೆ. ಹುಡುಕಾಟದ ನಿಜವಾದ ಸ್ವರೂಪ ಆಗ ತಿಳಿಯಿತು.

ಒಂದೇ ಚಲನ್‌ಗೆ ಸಂಬಂಧಿಸಿದ ಮಾಹಿತಿಗಾಗಿ ನಾಗರಿಕ ಹಲವು ಬಾಗಿಲುಗಳನ್ನು ತಟ್ಟಬೇಕು. ನಗರ ಸಂಚಾರ ಪೊಲೀಸರ ದಾಖಲೆ ಒಂದು. ಕೇಂದ್ರ ಸಾರಿಗೆ ಸಚಿವಾಲಯದ ಇ–ಚಲನ್ ವ್ಯವಸ್ಥೆ ಇನ್ನೊಂದು. ಮೂರನೆಯದು ವರ್ಚುವಲ್ ಕೋರ್ಟ್. ಇಲ್ಲಿ ವಾಹನ ಸಂಖ್ಯೆ, ಚಲನ್ ಸಂಖ್ಯೆ ಅಥವಾ ಮೊಬೈಲ್ ಸಂಖ್ಯೆಯಿಂದ ಹುಡುಕಬಹುದು. ನಾಲ್ಕನೆಯದು ಇ–ಕೋರ್ಟ್ಸ್ ಸೇವೆ. ಅದರಲ್ಲಿ ಪ್ರತಿ ಪ್ರಕರಣಕ್ಕೂ 16 ಅಕ್ಷರ–ಅಂಕಿಗಳ ಸಿಎನ್‌ಆರ್ ಸಂಖ್ಯೆಯಿರುತ್ತದೆ. ಆ ಸಂಖ್ಯೆ ಗೊತ್ತಿದ್ದವರಿಗೆ ಕ್ಷಣದ ಕೆಲಸ. ಗೊತ್ತಿಲ್ಲದವರು ಪ್ರಕರಣದ ಸಂಖ್ಯೆಯನ್ನೋ ಕಕ್ಷಿದಾರರ ಹೆಸರನ್ನೋ ಹಿಡಿದು ಹೊರಡಬೇಕು. ವಾಹನ ಸಂಖ್ಯೆ ಅಲ್ಲಿ ನೆರವಿಗೆ ಬರುವುದಿಲ್ಲ. ಮಂಜುನಾಥ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯಬಹುದು, ಇನಿಷಿಯಲ್ ಹಿಂದೆಯೋ ಮುಂದೆಯೋ ಎಂಬುದನ್ನು ಬಲ್ಲ ಕನ್ನಡಿಗರಿಗೆ ಈ ಕಷ್ಟವನ್ನು ವಿವರಿಸಬೇಕಿಲ್ಲ. ನನ್ನ ಪ್ರಕರಣ ನ್ಯಾಯಾಲಯದ ಯಾವ ದಾಖಲೆಯಲ್ಲೂ ಸಿಗಲಿಲ್ಲ. ಪೊಲೀಸ್ ದಾಖಲೆಯಲ್ಲಿ ಮಾತ್ರ ಅದು ‘ಬಾಕಿ’ಯಾಗಿಯೇ ಉಳಿದಿತ್ತು.

ದಾಖಲೆ ಸಿಗದಿದ್ದರೆ ಏನಾಯಿತು ಎಂದು ಕೇಳಬಹುದು. ಕಾಲಮಿತಿಯ ಪ್ರಶ್ನೆ ಎದುರಾಗುವುದು ಇಲ್ಲಿಯೇ. ದಂಡವನ್ನಷ್ಟೇ ವಿಧಿಸಬಹುದಾದ ಅಪರಾಧವನ್ನು ಆರು ತಿಂಗಳು ಕಳೆದ ಮೇಲೆ ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ ಎಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 468ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 514ನೇ ಕಲಂ ಅದನ್ನೇ ಮುಂದುವರಿಸಿದೆ. ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧಗಳಿಗೆ ಮಿತಿ ಒಂದು ವರ್ಷ. ವಿಳಂಬಕ್ಕೆ ತಕ್ಕ ಕಾರಣವಿದ್ದರೆ ನ್ಯಾಯಾಲಯ ಮನ್ನಿಸಬಹುದು, ಆದರೆ ಅದು ವಿನಾಯಿತಿಯೇ ಹೊರತು ನಿಯಮವಲ್ಲ. ಹಾಗಾದರೆ ಮೂರು ನಾಲ್ಕು ವರ್ಷಗಳಿಂದ ನ್ಯಾಯಾಲಯದ ಮೆಟ್ಟಿಲು ಹತ್ತದೆ ಉಳಿದ ಸಣ್ಣ ಪ್ರಕರಣಗಳಿಗೆ ಯಾವ ಕಾನೂನುಬಲ ಉಳಿದಿದೆ? ನ್ಯಾಯಾಲಯದಲ್ಲಿ ಕೇಳಲಾಗದ ಹಣವನ್ನು ರಿಯಾಯಿತಿಯ ಹೆಸರಿನಲ್ಲಿ ಅರ್ಧವಾದರೂ ಬರಲೆಂದು ವಸೂಲು ಮಾಡಲಾಗುತ್ತಿದೆಯೇ? ಪ್ರಕರಣ ಯಾವಾಗ ದಾಖಲಾಯಿತು, ದಾಖಲಾಯಿತೇ ಇಲ್ಲವೇ ಎಂಬುದು ತಿಳಿಯದ ನಾಗರಿಕನಿಗೆ ಈ ಪ್ರಶ್ನೆಯನ್ನು ಎತ್ತುವ ಶಕ್ತಿಯೂ ಇರುವುದಿಲ್ಲ. ದಾಖಲೆ ಕೈಗೆ ಸಿಗುವುದೇ ಇಲ್ಲಿ ಹಕ್ಕಿನ ಮೊದಲ ಮೆಟ್ಟಿಲು.

ರಿಯಾಯಿತಿಯ ಸಮರ್ಥಕರ ವಾದವನ್ನು ತಳ್ಳಿಹಾಕುವಂತಿಲ್ಲ. ಹೆಲ್ಮೆಟ್ ಪ್ರಕರಣಗಳೆಲ್ಲ ಕಟಕಟೆ ಹತ್ತಿದರೆ ಈಗಾಗಲೇ ಬಳಲಿರುವ ನ್ಯಾಯಾಲಯಗಳು ಕುಸಿಯುತ್ತವೆ ಎನ್ನುತ್ತಾರೆ. 2023ರ ರಿಯಾಯಿತಿಯ ಹಿಂದೆ ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಸಲಹೆಯೂ ಇತ್ತು, ಲೋಕ ಅದಾಲತ್ ಮೂಲಕ ಹೊರೆ ಇಳಿಸುವುದು ಅದರ ಆಶಯವಾಗಿತ್ತು. ಆದರೆ ಈ ಹೊರೆಯನ್ನು ಹೊರಲೆಂದೇ ವರ್ಚುವಲ್ ಕೋರ್ಟುಗಳು ಹುಟ್ಟಿಕೊಂಡವಲ್ಲವೇ? 2019ರಲ್ಲಿ ದೆಹಲಿಯಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ನ್ಯಾಯಾಧೀಶರು ಚಲನ್ ಅನ್ನು ಪರದೆಯ ಮೇಲೆ ಪರಿಶೀಲಿಸುತ್ತಾರೆ. ತಪ್ಪೊಪ್ಪಿದವರು ಮನೆಯಿಂದಲೇ ಹಣ ಕಟ್ಟುತ್ತಾರೆ, ಒಪ್ಪದವರ ಪ್ರಕರಣ ಮಾತ್ರ ಆ ವ್ಯಾಪ್ತಿಯ ಸಾಮಾನ್ಯ ನ್ಯಾಯಾಲಯಕ್ಕೆ ಹೋಗುತ್ತದೆ. ಇ–ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ ಕೇಂದ್ರ ಸಂಪುಟ 2023ರಲ್ಲಿ 7,210 ಕೋಟಿ ರೂಪಾಯಿಗೆ ಒಪ್ಪಿಗೆ ನೀಡಿದೆ. ಕೊರತೆ ಇರುವುದು ಉಪಕರಣದಲ್ಲಲ್ಲ.

ಮೇಲಾಗಿ ಪದೇ ಪದೇ ಬರುವ ರಿಯಾಯಿತಿ ತಪ್ಪಾದ ಪಾಠ ಕಲಿಸುತ್ತದೆ. 2019ರ ತಿದ್ದುಪಡಿ ದಂಡವನ್ನು ಏರಿಸಿದ್ದು ಜನ ಹೆದರಿ ನಿಯಮ ಪಾಲಿಸಲಿ ಎಂದು. ಹೆಲ್ಮೆಟ್ ಧರಿಸದವರಿಗೆ ಶಾಸನ ಸೂಚಿಸಿದ ಸಾವಿರ ರೂಪಾಯಿಯನ್ನು ಕರ್ನಾಟಕ ಅದೇ ಸೆಪ್ಟೆಂಬರ್‌ನಲ್ಲಿ ಐನೂರಕ್ಕೆ ಇಳಿಸಿತು. ರಿಯಾಯಿತಿಯಲ್ಲಿ ಅದು ಇನ್ನೂರೈವತ್ತಾಯಿತು. ನೋಟಿಸ್ ಬಂದ ವಾರದಲ್ಲೇ ಪೂರ್ತಿ ಕಟ್ಟಿದ ಗೃಹಸ್ಥ ಪೆದ್ದನಾದ, ಕಾದು ಕುಳಿತವನು ಜಾಣನಾದ. ನಿರಪರಾಧಿಯೋ ಅಲೆದಾಟಕ್ಕೆ ಅಂಜಿ ಅರ್ಧ ದಂಡ ತೆತ್ತ.

ಪರಿಹಾರ ಅಸಾಧ್ಯವೇನಲ್ಲ. ಚಲನ್ ಹುಟ್ಟಿದ ದಿನದಿಂದ ನ್ಯಾಯಾಲಯದ ಆದೇಶದವರೆಗೆ ಒಂದೇ ಸಂಖ್ಯೆ ಸಾಗಿಬರಲಿ, ವಾಹನ ಸಂಖ್ಯೆ ಕೊಟ್ಟರೆ ಪ್ರಕರಣದ ಪೂರ್ಣ ಸ್ಥಿತಿ ಕನ್ನಡದಲ್ಲಿ ಕಾಣಲಿ. ‘ಹಣ ಪಾವತಿಸಿ’ ಎಂಬಷ್ಟೇ ಎದ್ದುಕಾಣುವಂತೆ ‘ಆಕ್ಷೇಪಿಸಿ’ ಎಂಬುದೂ ಇರಲಿ, ಆಕ್ಷೇಪಕ್ಕೆ ಕಾರಣಸಹಿತ ಉತ್ತರ ಬರಲಿ. ಕಾಲಮಿತಿ ಮುಗಿಯುವುದರೊಳಗೆ ಪ್ರಕರಣವನ್ನು ನ್ಯಾಯಾಲಯಕ್ಕೆ ಒಪ್ಪಿಸಲಿ, ಇಲ್ಲವೇ ಕೈಬಿಡಲಿ. ರಿಯಾಯಿತಿ ಕೊಡಲೇಬೇಕೆಂದಿದ್ದರೆ ತಡಮಾಡಿದವರಿಗಲ್ಲ, ಬೇಗ ಕಟ್ಟಿದವರಿಗೆ ಕೊಡಲಿ.

ಅಲ್ಲಿಯವರೆಗೆ ನಾಗರಿಕರು ತಮ್ಮ ಕೈಲಿರುವ ದಾರಿಗಳನ್ನು ಬಳಸಬೇಕು. ಪೊಲೀಸ್ ಇಲಾಖೆಯಲ್ಲಿರುವ ದಾಖಲೆಗಳನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ನ್ಯಾಯಾಲಯದ ಕಡತದ ದೃಢೀಕೃತ ನಕಲು ಬೇಕಾದರೆ ನ್ಯಾಯಾಲಯದ ನಿಯಮಗಳ ಪ್ರಕಾರವೇ ಅರ್ಜಿ ಹಾಕಬೇಕು. ಅದಕ್ಕೆ ಮಾಹಿತಿ ಹಕ್ಕಿನ ದಾರಿಯಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪಿತ್ತಿದೆ. ವಾಹನ ಮಾರಿದವರು 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸದಿದ್ದರೆ ಕೊಂಡವನ ಚಲನ್‌ಗಳೂ ಹಳೆಯ ವಿಳಾಸಕ್ಕೇ ಬರುತ್ತವೆ ಎಂಬುದನ್ನೂ ಮರೆಯಬಾರದು.

ಮುಂದಿನ ರಿಯಾಯಿತಿಯ ಕಡತ ವಿಧಾನಸೌಧಕ್ಕೆ ಬಂದಾಗ ಸರ್ಕಾರ ಸಹಿ ಹಾಕುವ ಮುನ್ನ ಮೂರು ಲೆಕ್ಕಗಳನ್ನು ಪ್ರಕಟಿಸಲಿ: ಬಾಕಿ ಇರುವ ಚಲನ್‌ಗಳಲ್ಲಿ ನ್ಯಾಯಾಲಯಕ್ಕೆ ಹೋದವು ಎಷ್ಟು, ಆಕ್ಷೇಪ ಬಂದವು ಎಷ್ಟು, ಕಾಲಮಿತಿ ಮೀರಿದವು ಎಷ್ಟು. ಈ ಲೆಕ್ಕವಿಲ್ಲದೆ ಎಷ್ಟು ಕೋಟಿ ಸಂಗ್ರಹವಾಯಿತು ಎಂದಷ್ಟೇ ಹೇಳಿದರೆ ಅದು ವಸೂಲಿಯ ವರದಿಯಾದೀತು, ನ್ಯಾಯದ ವರದಿಯಾಗದು.